ಊದುಗೊಳವೆ

ಇಎಸ್‌ಐ ಡಾಕ್ಟರಮ್ಮ ಕೈಗಿಟ್ಟಿದ್ದು
ಬಿಳಿ ಪ್ಲಾಸ್ಟಿಕ್ಕಿನದು, ಮೇಲೆ ಒಂದು ಕೆಂಪು ಮುಳ್ಳು.
"ಉಸಿರು ತುಂಬ್ಕೊಂಡು ಒಂದೇ ಏಟಿಗೆ ಊದಿ, ದೇವೀರಮ್ಮ."
ನಗು ಬಂತು. ನಮ್ಮವ್ವನ ಒಲೆ ಮುಂದೆಯೂ ಒಂದಿತ್ತು,
ಕಬ್ಬಿಣದ್ದು, ತುದಿ ಸುಟ್ಟದ್ದು.
ಅದನ್ನು ಊದಿದರೆ ಬೆಂಕಿ ಏಳುತ್ತಿತ್ತು.
ಇದನ್ನು ಊದಿದರೆ ಅಂಕಿ.

ದಿನಕ್ಕೆ ನಾಲ್ಕು ಸಲ. ಬರೆದಿಡಬೇಕಂತೆ.
ಮಗಳ ಹಳೇ ಗಣಿತದ ನೋಟ್‌ಬುಕ್ಕು, ಹಿಂದಿನ ಹಾಳೆ:
ಭಾನುವಾರ ಮುನ್ನೂರ ಎಪ್ಪತ್ತು.
ಸೋಮವಾರ ಸಂಜೆ ಮುನ್ನೂರು.
ಬುಧವಾರ ಇನ್ನೂರ ನಲವತ್ತು.
ಶುಕ್ರವಾರ ಬರೆದಿಲ್ಲ. ಗೋಡೆಗೆ ಒರಗಿ ಕೂತೇ ರಾತ್ರಿ ಕಳೆದೆ.

ಪೀಣ್ಯ ಎರಡನೇ ಹಂತ, ತಗಡಿನ ಶೆಡ್ಡು,
ಹದಿಮೂರು ವರ್ಷ ಯುಪಿಎಸ್ ಬೋರ್ಡಿನ ಮೇಲೆ
ಬೆಸುಗೆಯ ಹನಿ ಇಟ್ಟವಳು ನಾನು.
ಒಂದೊಂದು ಹನಿಗೂ ಒಂದೊಂದು ಎಳೆ ಹೊಗೆ,
ನೆಟ್ಟಗೆ ಮೂಗಿಗೆ, ದಾರಿ ಕೇಳದೆ.
ಮೊದಮೊದಲು ಚೆಂದವೇ ಇತ್ತು ಆ ವಾಸನೆ,
ಬಾಗಿಲು ಹಾಕಿದ ಗುಡಿಯ ಧೂಪದ ಹಾಗೆ.

ಕಡ್ಡಿಯೊಳಗೆ ರಾಳ ಇರುತ್ತೆ ಅಂದರು ಡಾಕ್ಟರಮ್ಮ.
ಎಲ್ಲೋ ಬೆಟ್ಟದಲ್ಲಿ ಪೈನ್ ಮರ
ಕೊಡಲಿ ಬಿದ್ದ ಕಡೆ ತಾನೇ ಸವರಿಕೊಳ್ಳುವ ಮದ್ದು.
ಗಾಯಕ್ಕೆ ತಲುಪುವ ಮೊದಲೇ
ಯಾರೋ ಡಬ್ಬಿ ಕಟ್ಟಿ ಹಿಡಿದಿದ್ದಾರೆ.

ಚೀಟಿಯ ಹಿಂದೆ ಪೆನ್ನಿನಲ್ಲಿ ನನ್ನ ಎದೆ ಬರೆದರು:
ತಲೆಕೆಳಗಾದ ಮರ, ಕೊಂಬೆ, ಕವಲು, ಕವಲಿಗೆ ಕವಲು.
ಇಲ್ಲಿ ಕಾವಲು ಕೂತ ಕಣಗಳಿವೆ,
ಬಂದದ್ದನ್ನು ಮುಟ್ಟಿ ನೋಡಿ
ಗ್ರಂಥಿಗೆ ಒಯ್ದು ವಿಚಾರಿಸುತ್ತವೆ.
ಹೊಗೆ ಒಂಟಿಯಾಗಿ ಬಂದಿದ್ದರೆ ಬಿಟ್ಟುಬಿಡುತ್ತಿದ್ದವೋ ಏನೋ.
ಅದು ನನ್ನದೇ ಪ್ರೋಟೀನಿನ ತೋಳು ಹಿಡಿದು
ಅರ್ಧ ನಾನು ಅರ್ಧ ಅದು ಆಗಿ ನಿಂತಿತು.
"ಹಾಗಂತ ಅಂದಾಜು," ಅಂದರು, "ಪೂರ್ತಿ ಗೊತ್ತಿಲ್ಲ."
ಗೊತ್ತಿಲ್ಲ ಅಂದ ಮೊದಲ ಡಾಕ್ಟರು ಅವರು.
ನಂಬಿಕೆ ಬಂತು.

ವರ್ಷಗಟ್ಟಲೆ ಮೈ ಸುಮ್ಮನಿರುತ್ತದಂತೆ,
ಒಳಗೇ ಲೆಕ್ಕ ಬರೆಯುತ್ತಾ.
ಒಂದು ದಿನ ಪುಸ್ತಕ ತೆಗೆಯುತ್ತದೆ.
ಆಮೇಲೆ ಚಿಟಿಕೆ ಹೊಗೆ ಸಾಕು:
ಕೊಳವೆ ಸುತ್ತಲಿನ ಸ್ನಾಯು ಮುಷ್ಟಿ ಕಟ್ಟುತ್ತದೆ,
ಗೋಡೆ ಊದಿಕೊಳ್ಳುತ್ತದೆ, ಅಂಟು ಕಫ,
ಒಳಗೆ ಹೋದ ಉಸಿರು ಹೊರಗೆ ಬರಲು
ಬೀಗ ಹಾಕಿದ ಮನೆಯ ಕಿಟಕಿ ಕಿಟಕಿ ತಡಕುತ್ತದೆ.
ಮಧ್ಯಾಹ್ನ ಶೆಡ್ಡಿನಲ್ಲಿ ಹಚ್ಚಿದ್ದು
ರಾತ್ರಿ ಎರಡಕ್ಕೆ ದಾಸರಹಳ್ಳಿಯ ಮನೆಯಲ್ಲಿ ಉರಿಯುತ್ತದೆ.
ಅದಕ್ಕೇ ಯಾರೂ ನಂಬಲಿಲ್ಲ.

ಈಗ ಒಗ್ಗರಣೆಯೂ ಆಗದು. ಅಗರಬತ್ತಿ ಆಗದು.
ಜೋರಾಗಿ ನಕ್ಕರೂ ಸಿಳ್ಳೆ.

ರಕ್ತ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ.
ಸೂಪರ್‌ವೈಸರ್ ಕೆಂಪೇಗೌಡ ಬಲು ಖುಷಿಯಾದ.
"ನೋಡಮ್ಮ, ಕ್ಲೀನ್! ಮನೆ ಧೂಳು ನಿಂದು."
ನಾನು ನೋಟ್‌ಬುಕ್ಕು ತೆಗೆದು ಭಾನುವಾರಗಳನ್ನು ತೋರಿಸಿದೆ.
ನಾಲ್ಕು ವಾರ, ನಾಲ್ಕು ಭಾನುವಾರ,
ರಜೆಯ ದಿನ ಮಾತ್ರ ನನ್ನ ಎದೆ ನನ್ನದು.
ಅವನು ತುಂಬಾ ಹೊತ್ತು ನೋಡಿದ.
ಮಾರನೇ ದಿನ ನನ್ನ ಬೆಂಚಿಗೆ ಟೇಬಲ್ ಫ್ಯಾನು ಬಂತು.

ಫ್ಯಾನು ಹೊಗೆಯನ್ನು ತಳ್ಳುತ್ತದೆ,
ತಳ್ಳಿದ ಹೊಗೆ ಫ್ಲೋರಾಳ ಬೆಂಚಿಗೆ ಹೋಗುತ್ತದೆ.
ಒಂಬತ್ತು ವರ್ಷದಿಂದ ಪಕ್ಕದಲ್ಲೇ ಕೂತವಳು,
ಇದೇ ಕಡ್ಡಿ, ಇದೇ ಕಾವು, ಅವಳಿಗೇನೂ ಆಗಿಲ್ಲ.
ಯಾಕೆ ಅವಳಿಗಿಲ್ಲ ಅನ್ನುವುದೂ ಯಾರಿಗೂ ಗೊತ್ತಿಲ್ಲ.
ನಾನು ಎದ್ದು ಫ್ಯಾನು ಆರಿಸಿದೆ.
ಅವಳು ಹಾಕಿದಳು.
ಮತ್ತೆ ಆರಿಸಿದೆ.
"ಸುಮ್ಮನೆ ಕೂತ್ಕೊಳ್ಳೇ," ಅಂದಳು, "ನಂಗೇನಾಗಲ್ಲ."

ಟೀ ವಿರಾಮದಲ್ಲಿ ಕೊಳವೆ ಕಿತ್ತುಕೊಂಡು,
ಬಾಯಿ ತುದಿ ವೇಲಿನಲ್ಲಿ ಒರೆಸಿ,
ಜಾತ್ರೆಯ ಪೀಪಿ ಊದುವವಳ ಹಾಗೆ ಕೆನ್ನೆ ಉಬ್ಬಿಸಿ ಊದಿದಳು:
ನಾನೂರ ಇಪ್ಪತ್ತು!
ಎಲ್ಲರೂ ಚಪ್ಪಾಳೆ ಹೊಡೆದರು.

ನಾನು ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತಿರುವಿ
ಮೇಲೆ ಅವಳ ಹೆಸರು ಬರೆದೆ.
ಸೋಮವಾರ, ಅಂತ ಗೆರೆ ಎಳೆದೆ.